ಬಸ್ರೂರಿನ ಮಳೆಗೆ ತಾಳುವ ಪಟ

ಮನೆಯ ಪ್ರಿಂಟರಿನಲ್ಲಿ ಮುದ್ರಿಸಿದ ಫೋಟೊ ಅರುವತ್ತು ವರ್ಷ ಬಾಳುತ್ತದೆ, ನೂರು ವರ್ಷ ಬಾಳುತ್ತದೆ ಎಂದು ಕಂಪನಿಗಳು ಪ್ರಚಾರ ಮಾಡುವುದುಂಟು. ಈ ವರ್ಷಗಳನ್ನು ಯಾರೂ ಕಾದು ಕುಳಿತು ಎಣಿಸಿದ್ದಲ್ಲ. ಪ್ರಖರ ಬೆಳಕಿನ ಕೆಳಗೆ ಪಟವನ್ನಿಟ್ಟು, ಬಣ್ಣ ಮಾಸುವ ವೇಗ ಅಳೆದು, ಅದನ್ನು ಸಾಧಾರಣ ಮನೆಯ ಲೆಕ್ಕಕ್ಕೆ ಇಳಿಸುತ್ತಾರೆ. ಈ ಕೆಲಸದಲ್ಲಿ ಜಗತ್ತೇ ಒಪ್ಪುವ ಹೆಸರು ಹೆನ್ರಿ ವಿಲ್ಹೆಲ್ಮ್ ಅವರದು. ಅಮೆರಿಕದ ಐಯೊವಾ ರಾಜ್ಯದ ಗ್ರಿನೆಲ್ ಎಂಬ ಸಣ್ಣ ಊರಿನಲ್ಲಿ ಅವರ ಸಂಶೋಧನಾ ಸಂಸ್ಥೆಯಿದೆ. ಅವರ ಲೆಕ್ಕದ 'ಸಾಧಾರಣ ಮನೆ'ಯಲ್ಲಿ ಉಷ್ಣತೆ 24 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವಾಂಶ ಶೇ. 60, ದಿನಕ್ಕೆ 12 ಗಂಟೆ 450 ಲಕ್ಸ್ ಬೆಳಕು.

ಇಂಥ ಮನೆ ಆಸಾಡಿ ತಿಂಗಳಲ್ಲಿ ಬಸ್ರೂರಿನಲ್ಲಿ ಹುಡುಕಿದರೂ ಸಿಗದು. ಕುಂದಾಪುರದಿಂದ ಏಳೆಂಟು ಕಿಲೋಮೀಟರ್ ಒಳಗೆ, ವಾರಾಹಿ ಹೊಳೆಯ ದಡದ ಊರು ಇದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಜುಲೈಯಲ್ಲಿ ತೇವಾಂಶ ಶೇ. 90ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಬಟ್ಟೆ ಒಣಗುವುದಿಲ್ಲ, ಉಪ್ಪು ನೀರೊಡೆಯುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಗೋಡೆಯ ಮೇಲಿನ ಮದುವೆಯ ಪಟ ಗಾಜಿಗೆ ಅಂಟಿಕೊಂಡು, ಬಿಡಿಸಲು ಹೋದರೆ ಮದುಮಗಳ ಮುಖವೇ ಗಾಜಿನ ಜೊತೆ ಎದ್ದು ಬರುತ್ತದೆ.

ಹೀಗಾಗಿ ಈ ಸೀಮೆಯಲ್ಲಿ ಸ್ವಂತ ಪಟಗಳಿಗೆಂದು ಪ್ರಿಂಟರ್ ಕೊಳ್ಳುವವರು ಮೊದಲು ಕೇಳಬೇಕಾದದ್ದು ಯಂತ್ರದ ವೇಗವನ್ನಲ್ಲ, ವೈಫೈ ಇದೆಯೇ ಎಂಬುದನ್ನೂ ಅಲ್ಲ. ಅದರ ಶಾಯಿ ಯಾವುದು, ಅದು ಕೂರುವ ಕಾಗದ ಯಾವುದು, ಅವೆರಡೂ ಒಂದು ಮಳೆಗಾಲ ದಾಟುತ್ತವೆಯೇ? ಬೆಂಗಳೂರಿನ ಅಂಗಡಿಯಲ್ಲಿ ನಿಂತು ಮಾರುವವನಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ಶಾಯಿಯಲ್ಲಿ ಎರಡು ಜಾತಿ. ಒಂದು ಡೈ, ಇನ್ನೊಂದು ಪಿಗ್ಮೆಂಟ್. ಡೈ ಎಂದರೆ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ. ಅದು ಕಾಗದದ ಲೇಪದೊಳಗೆ ಇಳಿದು ಹೊಳೆಯುತ್ತದೆ. ಕೆಂಪು ಕೆಂಪಾಗಿ, ಹಸಿರು ಹಸಿರಾಗಿ ಕಾಣುತ್ತದೆ. ಆದರೆ ತೇವ ಸಿಕ್ಕರೆ ಮತ್ತೆ ಕದಲಲು ಅದು ಸಿದ್ಧ. ಪಿಗ್ಮೆಂಟ್ ಕರಗದ ಬಣ್ಣ. ಕಣ್ಣಿಗೆ ಕಾಣದಷ್ಟು ನುಣ್ಣನೆಯ ಪುಡಿ ದ್ರವದಲ್ಲಿ ತೇಲುತ್ತಿರುತ್ತದೆ, ಕಾಗದದ ಮೇಲ್ಪದರದಲ್ಲೇ ಉಳಿದು ಗಟ್ಟಿಯಾಗುತ್ತದೆ. ಬೆಳಕಿಗೂ ತೇವಕ್ಕೂ ಇದು ಹೆಚ್ಚು ತಾಳುತ್ತದೆ. ಕರಾವಳಿಯ ಹಳೆಯ ಮನೆಗಳಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿಯರ ಪಟಗಳನ್ನು ಕಂಡವರಿಗೆ ಪಿಗ್ಮೆಂಟ್‌ನ ತಾಳಿಕೆಯನ್ನು ಬೇರೆ ವಿವರಿಸಬೇಕಿಲ್ಲ. ಮುಂಬಯಿಯ ಘಾಟ್ಕೋಪರ್‌ನಲ್ಲಿ 1894ರಲ್ಲಿ ಶುರುವಾದ ರವಿವರ್ಮ ಮುದ್ರಣಾಲಯದ ಕಲ್ಲಚ್ಚಿನ ಚಿತ್ರಗಳವು. ಎಣ್ಣೆಯಲ್ಲಿ ಅರೆದ ಪಿಗ್ಮೆಂಟ್ ಶಾಯಿಯಿಂದ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ ಒತ್ತಿದ್ದು. ಕಾಗದಕ್ಕೆ ಕಂದು ಕಲೆ ಬಿದ್ದಿರಬಹುದು, ಅಂಚು ಹುಳ ತಿಂದಿರಬಹುದು. ಸೀರೆಯ ಬಣ್ಣ ಇನ್ನೂ ಇದೆ.

ಹಾಗಾದರೆ ಪಿಗ್ಮೆಂಟ್ ಪ್ರಿಂಟರನ್ನೇ ತಂದರಾಯಿತಲ್ಲ? ಫೋಟೊಗಾಗಿಯೇ ಮಾಡಿದ ಪಿಗ್ಮೆಂಟ್ ಯಂತ್ರಗಳು ದುಬಾರಿ, ಸಾಕುವುದಂತೂ ಇನ್ನೂ ದುಬಾರಿ. ಕ್ಯಾನನ್ ಕಂಪನಿಯ ಇಮೇಜ್‌ಪ್ರೊಗ್ರಾಫ್ ಪ್ರೊ-300 ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಹತ್ತು ಶಾಯಿ ಟ್ಯಾಂಕುಗಳಿವೆ, ಒಂದೊಂದರಲ್ಲಿ ಇರುವುದು 14.4 ಮಿಲಿಲೀಟರ್ ಮಾತ್ರ. 13 ಇಂಚು ಅಗಲದ ಕಾಗದದ ಮೇಲೆ ಪ್ರದರ್ಶನಕ್ಕಿಡುವಂಥ ಚಿತ್ರ ಬರುತ್ತದೆ, ಹತ್ತಿಯ ಕಾಗದದ ಮೇಲೂ ಚೆನ್ನಾಗಿ ಬರುತ್ತದೆ. ಸಲೋನ್ ಎಂಬ ಛಾಯಾಚಿತ್ರ ಸ್ಪರ್ಧೆಗಳಿಗೆ ಮುದ್ರಿತ ಚಿತ್ರ ಕಳಿಸುವ ಹವ್ಯಾಸಿಗೆ, ತನ್ನ ಕೆಲಸವನ್ನು ಮಾರುವ ಛಾಯಾಗ್ರಾಹಕನಿಗೆ ಅದು ಸರಿಯಾದ ಯಂತ್ರ. ಮಗುವಿನ ಹುಟ್ಟುಹಬ್ಬ, ಕೊಡಿಹಬ್ಬದ ತೇರು, ಗದ್ದೆ ನಾಟಿಯ ಪಟಗಳನ್ನು ಆಲ್ಬಮ್ಮಿಗೆ ಹಚ್ಚುವ ಮನೆಗೆ ಅದು ಹೊರೆ.

ಇಂಥ ಮನೆಗಳಿಗೆ ದಾರಿ ತೆರೆದದ್ದು ಇಂಕ್ ಟ್ಯಾಂಕ್ ಪ್ರಿಂಟರ್. ಅದರ ಹಿಂದೆ ನಮ್ಮಂಥ ದೇಶಗಳ ಜಾಣತನವಿದೆ. ಪುಟ್ಟ ಕಾರ್ಟ್ರಿಜ್‌ಗೆ ಸಾವಿರಾರು ರೂಪಾಯಿ ತೆರಲಾರದ ಅಂಗಡಿಯವರು ಅದಕ್ಕೆ ತೂತು ಕೊರೆದು, ಸಣ್ಣ ಕೊಳವೆ ಸಿಕ್ಕಿಸಿ, ಹೊರಗೆ ಬಾಟಲಿ ಇಟ್ಟು ಶಾಯಿ ಹರಿಸತೊಡಗಿದರು. ಇಂಡೊನೇಷ್ಯಾದಲ್ಲಿ ಈ ಉಪಾಯ ಎಷ್ಟು ಹಬ್ಬಿತೆಂದರೆ ಎಪ್ಸನ್ ಕಂಪನಿ ಅದರ ಎದುರು ಸೆಣಸುವುದನ್ನು ಬಿಟ್ಟು, 2010ರಲ್ಲಿ ತಾನೇ ಬಾಟಲಿಯಿಂದ ತುಂಬುವ ಟ್ಯಾಂಕಿನ ಪ್ರಿಂಟರನ್ನು ಅಲ್ಲಿ ಮೊದಲು ಬಿಡುಗಡೆ ಮಾಡಿತು. ಆಮೇಲೆ ಅದು ಭಾರತಕ್ಕೂ ಬಂತು. ಈಗ ಕ್ಯಾನನ್, ಎಚ್‌ಪಿ, ಬ್ರದರ್ ಎಲ್ಲರದ್ದೂ ಇದೇ ಹಾದಿ.

ಕುಂದಾಪುರ ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೊ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಈ ಯಂತ್ರವನ್ನು ಈಗಾಗಲೇ ನೋಡಿದ್ದಾರೆ. ಪಕ್ಕದಲ್ಲಿ ಆರು ಬಣ್ಣದ ಡಬ್ಬಿ ಕಾಣುವ ಕಪ್ಪು ಪೆಟ್ಟಿಗೆ, ಎಪ್ಸನ್ ಎಲ್ 805. ಈಗ ಅದರ ಜಾಗಕ್ಕೆ ಬಂದದ್ದು ಎಲ್ 8050. ಎಲ್ 805ರಲ್ಲಿ 70 ಮಿಲಿಲೀಟರಿನ ಆರು ಬಾಟಲಿಗಳಿಂದ 4x6 ಇಂಚಿನ ಸುಮಾರು 1,800 ಫೋಟೊ ಬರುತ್ತವೆ ಎಂಬುದು ಕಂಪನಿಯ ಲೆಕ್ಕ. ಭಾಗಿಸಿ ನೋಡಿದರೆ ಒಂದು ಪಟಕ್ಕೆ ಬೀಳುವುದು ಕಾಲು ಮಿಲಿಲೀಟರಿಗಿಂತಲೂ ಕಡಿಮೆ ಶಾಯಿ. 'ಒಂದ್ ಪಟಕ್ಕೆ ಎಷ್ಟ್ ಆತ್ತ್?' ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಇಂಥ ಯಂತ್ರದಲ್ಲಿ ಶಾಯಿಯ ಖರ್ಚು ಅಲ್ಪ, ದುಡ್ಡು ಹೋಗುವುದು ಕಾಗದಕ್ಕೆ.

ಕಾರ್ಟ್ರಿಜ್ ಪ್ರಿಂಟರಿನ ಲೆಕ್ಕ ಮಾತ್ರ ತದ್ವಿರುದ್ಧ. ಪೆಟ್ಟಿಗೆಯ ಮೇಲೆ 150 ಪುಟ, 200 ಪುಟ ಎಂದು ಬರೆದಿರುವುದು ಅಲ್ಲಲ್ಲಿ ಬಣ್ಣ ಚೆಲ್ಲಿದ, ಬಹುಪಾಲು ಖಾಲಿ ಬಿಟ್ಟ ಪರೀಕ್ಷಾ ಪುಟಗಳ ಲೆಕ್ಕ. ಫೋಟೊ ಎಂದರೆ ಅಂಚಿನಿಂದ ಅಂಚಿಗೆ ಬಣ್ಣ. ಎ4 ಅಳತೆಯ ಕೆಲವೇ ಪಟಗಳಿಗೆ ಕಾರ್ಟ್ರಿಜ್ ಬರಿದಾಗುತ್ತದೆ. ಅಗ್ಗದ ಬೆಲೆಗೆ ಸಿಗುವ ಕಾರ್ಟ್ರಿಜ್ ಪ್ರಿಂಟರನ್ನು ಫೋಟೊಗಾಗಿ ಕೊಳ್ಳಲೇಬಾರದು.

ಲೇಸರ್ ಪ್ರಿಂಟರನ್ನೂ ಈ ಲೆಕ್ಕದಿಂದ ಹೊರಗಿಡಬೇಕು. ಅದು ಟೋನರ್ ಪುಡಿಯನ್ನು ಬಿಸಿ ರೋಲರಿನಲ್ಲಿ ಕಾಗದಕ್ಕೆ ಕರಗಿಸಿ ಅಂಟಿಸುವ ಯಂತ್ರ. ಪತ್ರಕ್ಕೆ, ಲಗ್ನಪತ್ರಿಕೆಯ ಪ್ರತಿಗೆ ಒಳ್ಳೆಯದು. ಮುಖದ ಮೇಲಿನ ನೆರಳು ಬೆಳಕಿನ ನಯ ಅದಕ್ಕೆ ಬರುವುದಿಲ್ಲ. ಇಂಕ್‌ಜೆಟ್ ಫೋಟೊ ಕಾಗದವನ್ನು ಮರೆತೂ ಅದಕ್ಕೆ ಹಾಕಬಾರದು, ಲೇಪ ಕರಗಿ ರೋಲರಿಗೆ ಅಂಟಿಕೊಂಡೀತು.

ಟ್ಯಾಂಕ್ ಪ್ರಿಂಟರ್ ಎಂದು ಗೊತ್ತಾಯಿತು. ನಾಲ್ಕು ಬಣ್ಣದ್ದೋ ಆರು ಬಣ್ಣದ್ದೋ? ಇಲ್ಲಿ ಯಂತ್ರದ ವಿವರಪಟ್ಟಿಯನ್ನು ಮಡಚಿಟ್ಟು, ತಾವು ತೆಗೆದ ಚಿತ್ರಗಳನ್ನೇ ಹರಡಿಕೊಂಡು ನೋಡುವುದು ಉತ್ತಮ. ಬಸ್ರೂರಿನ ಸುತ್ತ ಕ್ಯಾಮೆರಾ ಹಿಡಿದವರು ಏನನ್ನು ತೆಗೆಯುತ್ತಾರೆ? ಬೇರುಗಳು ಮೈಗೆಲ್ಲ ಸುತ್ತಿಕೊಂಡ ತುಳುವೇಶ್ವರನ ಪಾಳು ಗುಡಿ, ಮಹಾಲಿಂಗೇಶ್ವರ ದೇವಸ್ಥಾನದ ಉತ್ಸವ, ಹಬ್ಬಕ್ಕೆ ಸೇರಿದ ಬಂಧುಬಳಗ, ಬಯಲಾಟದ ವೇಷ, ಕಂಬಳದ ಕೆಸರು, ಮಳೆಯಲ್ಲಿ ಬೂದು ಬಣ್ಣಕ್ಕೆ ತಿರುಗಿದ ವಾರಾಹಿ, ಗಂಗೊಳ್ಳಿಯ ದೋಣಿಗಳು. ಒಂದು ಕಾಲಕ್ಕೆ ಅಕ್ಕಿ ತುಂಬಿದ ಹಡಗುಗಳು ಹೊರಡುತ್ತಿದ್ದ, 1665ರಲ್ಲಿ ಶಿವಾಜಿಯ ನೌಕಾಪಡೆ ಬಂದು ದೋಚಿಹೋದ ಬಂದರು ಇದು ಎಂಬ ಕುತೂಹಲಕ್ಕೆ ಬರುವವರೂ ಇದ್ದಾರೆ. ಈ ಒಂದೊಂದು ಬಗೆಯ ಚಿತ್ರವೂ ಶಾಯಿಯಿಂದ ಒಂದೊಂದು ಬಗೆಯ ಕೆಲಸ ಕೇಳುತ್ತದೆ.

ಮೊದಲು ಮುಖಗಳನ್ನೇ ನೋಡೋಣ. ನಾಲ್ಕು ಬಣ್ಣದ ಯಂತ್ರದಲ್ಲಿರುವುದು ನೀಲಿ ಛಾಯೆಯ ಸಯಾನ್, ಗುಲಾಬಿಗೆಂಪಿನ ಮಜೆಂಟಾ, ಹಳದಿ ಮತ್ತು ಕಪ್ಪು. ತಿಳಿ ಬಣ್ಣ ಬೇಕಾದರೆ ಅದು ಚುಕ್ಕೆಗಳನ್ನು ದೂರ ದೂರ ಸಿಡಿಸುತ್ತದೆ. ಕೆನ್ನೆಯ ಮೇಲೆ, ಮೋಡವಿಲ್ಲದ ಆಕಾಶದಲ್ಲಿ ಆ ಚುಕ್ಕೆಗಳು ಮರಳು ಉದುರಿಸಿದ ಹಾಗೆ ಕಾಣಿಸಿಕೊಳ್ಳುತ್ತವೆ. ಎಪ್ಸನ್ ಎಲ್ 8050ರಲ್ಲಿ ಈ ನಾಲ್ಕರ ಜೊತೆಗೆ ತಿಳಿ ಸಯಾನ್, ತಿಳಿ ಮಜೆಂಟಾ ಇವೆ. ತೆಳು ಬಣ್ಣದ ಚುಕ್ಕೆಗಳನ್ನು ಒತ್ತೊತ್ತಾಗಿ ಹಾಕುವುದರಿಂದ ಮುಖ ನುಣುಪಾಗಿ ಬರುತ್ತದೆ. ಮನೆಮಂದಿಯ ಪಟಗಳೇ ಹೆಚ್ಚಿದ್ದರೆ ಈ ಜೋಡಿ ಬೇಕು.

ಕ್ಯಾನನ್ ಪಿಕ್ಸ್ಮಾ ಜಿ 570 ಮತ್ತು ಜಿ 670 ಮಾದರಿಗಳಲ್ಲೂ ಆರು ಬಣ್ಣಗಳೇ. ಆದರೆ ಹೆಚ್ಚಿನ ಎರಡು ಬಣ್ಣ ಬೇರೆ, ಕೆಂಪು ಮತ್ತು ಬೂದು. ಬಡಗುತಿಟ್ಟು ಯಕ್ಷಗಾನದ ವೇಷವನ್ನು ರಾತ್ರಿ ಬೆಳಕಿನಲ್ಲಿ ತೆಗೆದು, ಮುದ್ರಿಸಲು ಹೋದವರಿಗೆ ಕೆಂಪು ಶಾಯಿಯ ಬೆಲೆ ತಿಳಿಯುತ್ತದೆ. ಮುಂಡಾಸಿನ ಕೆಂಪು ಫೋನಿನ ಪರದೆಯಲ್ಲಿ ಉರಿಯುತ್ತಿರುತ್ತದೆ. ಕಾಗದಕ್ಕೆ ಬರುವ ಹೊತ್ತಿಗೆ ಇಟ್ಟಿಗೆಯ ಬಣ್ಣವಾಗಿರುತ್ತದೆ. ಪರದೆ ಬೆಳಕನ್ನೇ ಸೂಸುತ್ತದೆ, ಕಾಗದಕ್ಕೆ ಅದು ಸಾಧ್ಯವಿಲ್ಲ. ಮಜೆಂಟಾ, ಹಳದಿ ಬೆರೆಸಿ ಮಾಡುವ ಕೆಂಪಿಗೆ ಒಂದು ಮಿತಿಯಿದೆ. ಪ್ರತ್ಯೇಕ ಕೆಂಪು ಶಾಯಿ ಆ ಮಿತಿಯನ್ನು ಸ್ವಲ್ಪ ದೂರ ತಳ್ಳುತ್ತದೆ. ಬಣ್ಣಬಣ್ಣದ ಎಲ್‌ಇಡಿ ದೀಪದ ಅಡಿ ತೆಗೆದ ನೇರಳೆ, ಕಡುನೀಲಿಗಳನ್ನು ಮಾತ್ರ ಯಾವ ಶಾಯಿಯೂ ಪೂರ್ತಿ ಹಿಡಿಯಲಾರದು. ಅಂಥ ಚಿತ್ರದಲ್ಲಿ ಬಣ್ಣದ ತೀವ್ರತೆಯನ್ನು ಸ್ವಲ್ಪ ಇಳಿಸಿಯೇ ಮುದ್ರಿಸಬೇಕು.

ಮಳೆಗಾಲದ ಹೊಳೆಯ ಚಿತ್ರಕ್ಕೆ, ಕಪ್ಪು-ಬಿಳುಪಿಗೆ ಬೂದು ಶಾಯಿಯೇ ಆಧಾರ. ಬೂದು ಬಣ್ಣವನ್ನು ಮೂರು ಬಣ್ಣ ಬೆರೆಸಿ ಮಾಡುವ ಯಂತ್ರದಲ್ಲಿ ಹಳೆಯ ಅಜ್ಜನ ಪಟವನ್ನು ಸ್ಕ್ಯಾನ್ ಮಾಡಿ ಮುದ್ರಿಸಿದರೆ ಕೋಟಿನ ಮೇಲೆ ಹಸಿರು ಛಾಯೆ, ಪಂಚೆಯ ಮೇಲೆ ಗುಲಾಬಿ ಛಾಯೆ ಬರುವುದುಂಟು. ಬೂದು ಬಾಟಲಿ ಇದ್ದರೆ ಈ ಕಾಟ ಬಹುಪಾಲು ತಪ್ಪುತ್ತದೆ. ಎಪ್ಸನ್‌ನಲ್ಲಿ ಬೂದು ಬೇಕೆನ್ನುವವರಿಗೆ ಎಲ್ 8160, ದೊಡ್ಡ ಕಾಗದಕ್ಕೆ ಎಲ್ 8180 ಇವೆ. ಮನೆಯ ಹಳೆಯ ಕಪ್ಪು-ಬಿಳುಪು ಪಟಗಳನ್ನು ಉಳಿಸಿಕೊಳ್ಳುವುದೇ ಉದ್ದೇಶವಾದರೆ ಬೂದು ಇಲ್ಲದ ಯಂತ್ರದ ಕಡೆ ನೋಡಬೇಡಿ.

ನಾಲ್ಕು ಬಣ್ಣದ್ದು ಈಗಾಗಲೇ ಮನೆಯಲ್ಲಿದ್ದರೆ? ಮಕ್ಕಳ ಪ್ರಾಜೆಕ್ಟಿಗೆಂದು ತಂದ ಟ್ಯಾಂಕ್ ಪ್ರಿಂಟರ್ ಎಷ್ಟೋ ಮನೆಗಳಲ್ಲಿದೆ. ಒಳ್ಳೆಯ ಕಾಗದ ಹಾಕಿ, ಕಾಗದದ ಬಗೆಯನ್ನು ಸೆಟ್ಟಿಂಗಿನಲ್ಲಿ ಸರಿಯಾಗಿ ಆರಿಸಿದರೆ ಅದರಲ್ಲೂ 4x6 ಪಟ ಚೆನ್ನಾಗಿಯೇ ಬರುತ್ತದೆ. ಒಂದು ಕೊರತೆ ಮಾತ್ರ ಇದ್ದೇ ಇದೆ. ಇಂಥ ಹಲವು ಮಾದರಿಗಳಲ್ಲಿ ಕಪ್ಪು ಶಾಯಿ ಬರಹಕ್ಕಾಗಿ ಮಾಡಿದ ಪಿಗ್ಮೆಂಟ್. ಹೊಳಪು ಕಾಗದದ ಮೇಲೆ ಅದು ಕೂರುವುದಿಲ್ಲವಾದ್ದರಿಂದ ಯಂತ್ರ ಉಳಿದ ಮೂರು ಬಣ್ಣಗಳನ್ನೇ ಬೆರೆಸಿ ಕಪ್ಪು ಮಾಡುತ್ತದೆ. ಕೂದಲಿನ ಕಪ್ಪು ಕಂದಾಗಿ ಕಾಣುವುದು ಇದರಿಂದಲೇ. ಹೊಸದನ್ನು ಕೊಳ್ಳುವ ಮೊದಲು ಇದ್ದುದರಲ್ಲೇ ಒಂದು ವರ್ಷ ಮುದ್ರಿಸಿ ನೋಡುವುದು ವಿವೇಕ.

ಈಗ ಕಾಗದದ ಸಂಗತಿ. ಕರಾವಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಟಗಳು ಹಾಳಾಗುವುದು ಇಲ್ಲಿ ಮಾಡುವ ಉಳಿತಾಯದಿಂದ ಎಂಬುದು ಈ ಬರಹಗಾರನ ಗಟ್ಟಿ ಅಭಿಪ್ರಾಯ.

ಪೇಟೆಯಲ್ಲಿ 'ಗ್ಲಾಸಿ ಫೋಟೊ ಪೇಪರ್ 180 ಜಿಎಸ್‌ಎಂ' ಎಂಬ ಅಗ್ಗದ ಪೊಟ್ಟಣಗಳು ಧಾರಾಳ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬುದಷ್ಟೇ, ಗುಣಮಟ್ಟದ ಅಳತೆಯಲ್ಲ. ಅಗ್ಗದವುಗಳಲ್ಲಿ ಬಹುಪಾಲು ಬರೀ ಕಾಗದಕ್ಕೆ ಒಂದು ಮಗ್ಗುಲಲ್ಲಿ ಹೊಳಪು ಲೇಪ ಹಚ್ಚಿದಂಥವು. ಹಿಂಬದಿಯಿಂದ ತೇವ ಸಲೀಸಾಗಿ ಒಳಗೆ ಇಳಿಯುತ್ತದೆ. ಜೂನ್ ಎರಡನೇ ವಾರಕ್ಕೆ ಪಟ ದೋಣಿಯ ಹಾಗೆ ಬಾಗುತ್ತದೆ, ಆಗಸ್ಟ್ ಹೊತ್ತಿಗೆ ಕೂದಲಿನ ಅಂಚಿನಲ್ಲಿ ಬಣ್ಣ ಹರಡಿಕೊಳ್ಳುತ್ತದೆ. ಆರ್‌ಸಿ ಕಾಗದ ಬೇರೆ. ಅದರ ಎರಡೂ ಬದಿಗೆ ತೆಳುವಾದ ಪಾಲಿಥೀನ್ ಪದರವಿದೆ, ಅದರ ಮೇಲೆ ಶಾಯಿ ಹೀರುವ ಲೇಪ. ಎಪ್ಸನ್, ಕ್ಯಾನನ್ ತಮ್ಮ ಹೆಸರಿನಲ್ಲಿ ಮಾರುವ ಪ್ರೀಮಿಯಂ ಮತ್ತು ಫೋಟೊ ಪ್ಲಸ್ ದರ್ಜೆಯ ಹೊಳಪು ಕಾಗದಗಳು ಈ ಜಾತಿಯವು. ಗುರುತು ಹಿಡಿಯುವುದು ಕಷ್ಟವಲ್ಲ. ಒಂದು ಹಾಳೆಯ ಮೂಲೆ ಹರಿದು ನೋಡಿ. ಹರಿದ ಅಂಚಿನಲ್ಲಿ ಪ್ಲಾಸ್ಟಿಕ್ ಪೊರೆ ಎಳೆದುಕೊಂಡು ಬಂದರೆ ಅದು ಆರ್‌ಸಿ.

ಪೊಟ್ಟಣ ಒಡೆದ ಮೇಲೆ ಉಳಿದ ಹಾಳೆಗಳನ್ನು ಹಪ್ಪಳ ಸಂಡಿಗೆಯನ್ನು ಜೋಪಾನ ಮಾಡುವ ಹಾಗೆ ಗಾಳಿಯಾಡದ ಡಬ್ಬದಲ್ಲಿಡಬೇಕು. ಜೊತೆಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣವಿರಲಿ. ಪ್ರಿಂಟರಿನ ಟ್ರೇಯಲ್ಲೇ ಕಾಗದ ಬಿಟ್ಟು ಮಲಗಿದರೆ ಬೆಳಿಗ್ಗೆಗೆ ಅದು ತೇವ ಕುಡಿದು ಮೆತ್ತಗಾಗಿರುತ್ತದೆ, ರೋಲರಿಗೆ ಸಿಕ್ಕಿಕೊಳ್ಳುತ್ತದೆ.

ಶಾಯಿ, ಕಾಗದಗಳ ಜೋಡಿ ಕೆಟ್ಟರೆ ದೊಡ್ಡ ಕಂಪನಿಗೂ ಪೆಟ್ಟು ಬೀಳುತ್ತದೆ. 2000ದಲ್ಲಿ ಎಪ್ಸನ್ ಸ್ಟೈಲಸ್ ಫೋಟೊ 870 ಎಂಬ ಮಾದರಿ ತಂದಿತು. ಮನೆಯಲ್ಲಿ ಮಾಡಿದ ಚಿತ್ರವೂ ಲ್ಯಾಬಿನ ಚಿತ್ರದಷ್ಟೇ ಬಾಳುತ್ತದೆ ಎಂಬ ಆಸೆಯಿಂದ ಕೊಂಡವರು ಬಹಳ. ಕೆಲವೇ ವಾರಗಳಲ್ಲಿ ಕೆಲವರ ಚಿತ್ರಗಳು ಕಿತ್ತಳೆ ಬಣ್ಣಕ್ಕೆ ತಿರುಗಿದವು. ಇನ್ನು ಕೆಲವರ ಮನೆಯಲ್ಲಿ ಅವೇ ಚಿತ್ರಗಳಿಗೆ ಏನೂ ಆಗಲಿಲ್ಲ. ತಪ್ಪು ಬೆಳಕಿನದಾಗಿರಲಿಲ್ಲ. ಗಾಳಿಯಲ್ಲಿನ ಓಝೋನ್ ಕಾಗದದ ರಂಧ್ರಗಳೊಳಗೆ ಹೊಕ್ಕು ಸಯಾನ್ ಬಣ್ಣವನ್ನು ತಿಂದುಹಾಕಿತ್ತು, ನೀಲಿ ಹೋದ ಮೇಲೆ ಉಳಿದದ್ದು ಕೆಂಪು ಹಳದಿ. ಆ ಹಗರಣದ ಬಳಿಕವೇ ಬೆಳಕಿನ ಜೊತೆ ಓಝೋನ್, ತೇವಾಂಶಗಳ ಪರೀಕ್ಷೆಯೂ ಕಂಪನಿಗಳಿಗೆ ಅನಿವಾರ್ಯವಾಯಿತು. ಇಂದಿನ ಫೋಟೊ ಟ್ಯಾಂಕ್ ಪ್ರಿಂಟರುಗಳ ಅಸಲಿ ಡೈ ಶಾಯಿಗಳು ಅಂದಿನವಕ್ಕಿಂತ ಎಷ್ಟೋ ಗಟ್ಟಿ. ಅರ್ಧ ಬೆಲೆಗೆ ಸಿಗುವ, ಬೇರೆಯವರು ಮಾಡಿದ ಕಂಪ್ಯಾಟಿಬಲ್ ಶಾಯಿ ಇಂಥ ಯಾವ ಪರೀಕ್ಷೆ ದಾಟಿದೆಯೋ ಹೇಳುವವರಿಲ್ಲ. ಒಂದು ಪಟಕ್ಕೆ ಕಾಲು ಮಿಲಿಲೀಟರ್ ಸಾಕಾಗುವಾಗ ಅಲ್ಲಿ ಉಳಿಸುವ ಪೈಸೆಗೆ ಅರ್ಥವಿಲ್ಲ.

ದ್ರವದ ಶಾಯಿಯೇ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ, ಕುಂದಾಪುರದ ಮಳೆಗೆ ಅದು ಚೆನ್ನಾಗಿ ಹೊಂದುತ್ತದೆ. ಡೈ-ಸಬ್ಲಿಮೇಷನ್ ಎಂಬ ಈ ವಿಧಾನದ ಮನೆಬಳಕೆಯ ಯಂತ್ರ ಕ್ಯಾನನ್ ಸೆಲ್ಫಿ. ಸಿಪಿ 1300, ಆಮೇಲಿನ ಸಿಪಿ 1500. ಊಟದ ಡಬ್ಬಿಯಷ್ಟು ದೊಡ್ಡದು. ಒಳಗೆ ಬಣ್ಣದ ರಿಬ್ಬನ್ ಇದೆ. ಬಿಸಿಗೆ ಬಣ್ಣ ಆವಿಯಾಗಿ ಕಾಗದದೊಳಗೆ ಸೇರುತ್ತದೆ. ಕಾಗದ ನಾಲ್ಕು ಸಲ ಹಿಂದೆ ಮುಂದೆ ಓಡುತ್ತದೆ. ಮೊದಲು ಹಳದಿ, ಆಮೇಲೆ ಮಜೆಂಟಾ, ಸಯಾನ್, ಕೊನೆಗೆ ಪಾರದರ್ಶಕ ರಕ್ಷಾಪದರ. ಒಂದು ನಿಮಿಷದೊಳಗೆ ಒಣಗಿದ ಪಟ ಕೈಗೆ ಬರುತ್ತದೆ. ಮೇಲೆ ಪೊರೆ ಇರುವುದರಿಂದ ಒದ್ದೆ ಬೆರಳಿನ ಗುರುತು ಬೀಳುವುದಿಲ್ಲ, ತಿಂಗಳುಗಟ್ಟಲೆ ಮುಟ್ಟದಿದ್ದರೂ ಕಟ್ಟಿಕೊಳ್ಳಲು ಶಾಯಿ ಸಿಡಿಸುವ ನಳಿಕೆಯೇ ಇಲ್ಲ. ಪ್ರತ್ಯೇಕ ಬ್ಯಾಟರಿ ಕೊಂಡರೆ ಕರೆಂಟ್ ಹೋದಾಗಲೂ ನಡೆಯುತ್ತದೆ. ಮದುವೆ ಮಂಟಪಗಳಲ್ಲಿ ನಿಂತಲ್ಲೇ ಪಟ ಕೊಡುವವರು ಬಳಸುವ ಡಿಎನ್‌ಪಿ ಯಂತ್ರಗಳು ಇದೇ ಜಾತಿಯ ದೊಡ್ಡಣ್ಣಂದಿರು.

ಮಿತಿಯೂ ಸ್ಪಷ್ಟವಿದೆ. ಪೋಸ್ಟ್‌ಕಾರ್ಡಿಗಿಂತ ದೊಡ್ಡದು ಅದರಲ್ಲಿ ಬರುವುದಿಲ್ಲ. ಕಾಗದ, ರಿಬ್ಬನ್ ಒಟ್ಟಿಗೇ ಬರುವ 108 ಪಟಗಳ ಪೊಟ್ಟಣ ಸಿಗುತ್ತದೆ. ಅದರ ಬೆಲೆಯನ್ನು 108ರಿಂದ ಭಾಗಿಸಿದರೆ ಒಂದು ಪಟದ ಖರ್ಚು ಪೈಸೆ ಲೆಕ್ಕದಲ್ಲಿ ಗೊತ್ತಾಗುತ್ತದೆ, ಅದು ಟ್ಯಾಂಕ್ ಪ್ರಿಂಟರಿಗಿಂತ ಖಂಡಿತ ಹೆಚ್ಚು. ಗಮನಿಸಬೇಕಾದ ಇನ್ನೊಂದು ವಿಷಯವೆಂದರೆ, ಬಳಸಿದ ರಿಬ್ಬನ್ನಿನ ಮೇಲೆ ಮುದ್ರಿಸಿದ ಪ್ರತಿ ಚಿತ್ರದ ನೆಗೆಟಿವ್ ಉಳಿದಿರುತ್ತದೆ. ಎಸೆಯುವ ಮುನ್ನ ಕತ್ತರಿಸಿ ಎಸೆಯುವುದು ಕ್ಷೇಮ.

ತಿಂಗಳಿಗೆ ನಾಲ್ಕಾರು ಪಟ, ಅದೂ ಆಲ್ಬಮ್ ಅಳತೆಯಲ್ಲಿ ಸಾಕು ಎನ್ನುವ ಮನೆಗೆ ಈ ಪುಟ್ಟ ಯಂತ್ರವೇ ಮೇಲು.

ಇನ್ನು ಅಳತೆಯ ಗೊಂದಲ. ಪ್ರಿಂಟರ್ ಎ4 ಎನ್ನುತ್ತದೆ, ಫ್ರೇಮ್ ಅಂಗಡಿಯಲ್ಲಿ ಸಿಗುವುದು 6x8, 8x12, 12x18. ಎ4 ಹಾಳೆಯ ಉದ್ದ 11.69 ಇಂಚು, 8x12 ಫ್ರೇಮಿಗೆ ಅಗಲ ಕತ್ತರಿಸಿ ಹಾಕಿದರೂ ಉದ್ದದ ಒಂದು ಅಂಚಿನಲ್ಲಿ ಸಣ್ಣ ಸಂದು ಉಳಿಯುತ್ತದೆ. ಮೌಂಟ್ ಬೋರ್ಡ್ ಹಾಕಿಸಿದರೆ ಅದು ಮುಚ್ಚಿಹೋಗುತ್ತದೆ. ಗೋಡೆಗೆ 12x18 ಬೇಕೇಬೇಕೆನ್ನುವವರಿಗೆ ಎ3+ ಯಂತ್ರ, ಅಂದರೆ ಎಪ್ಸನ್ ಎಲ್ 18050 ಥರದ್ದು ಬೇಕಾಗುತ್ತದೆ. ವರ್ಷಕ್ಕೆ ಎರಡು ದೊಡ್ಡ ಪಟಕ್ಕಾಗಿ ಅದನ್ನು ಕೊಳ್ಳುವುದಕ್ಕಿಂತ ಲ್ಯಾಬಿಗೆ ಕೊಡುವುದು ಮೇಲು. ಫೋನಿನ ಚಿತ್ರ 4:3 ಅನುಪಾತದ್ದು, 4x6 ಕಾಗದ 3:2. ಅಂಚಿಲ್ಲದೆ ಮುದ್ರಿಸಿದರೆ ಚಿತ್ರದ ಒಂಬತ್ತನೇ ಒಂದು ಭಾಗ ಕತ್ತರಿಸಿಹೋಗುತ್ತದೆ. ವೇಷದ ಕಿರೀಟದ ತುದಿ, ಹಿಂದೆ ನಿಂತ ದೊಡ್ಡಪ್ಪನ ತಲೆ ಮಾಯವಾಗುವುದು ಹೀಗೆ. ತೆಗೆಯುವಾಗಲೇ ಸುತ್ತ ಸ್ವಲ್ಪ ಜಾಗ ಬಿಟ್ಟು ತೆಗೆಯಬೇಕು.

ಚಿತ್ರ ಎಲ್ಲಿಂದ ಬಂತು ಎಂಬುದು ಇನ್ನೂ ಮುಖ್ಯ. ವಾಟ್ಸಾಪ್‌ನಲ್ಲಿ ಮಾಮೂಲಿನಂತೆ ಬಂದ ಫೋಟೊದ ಉದ್ದ ಬದಿ 1,600 ಪಿಕ್ಸೆಲ್ ಆಸುಪಾಸಿಗೆ ಕುಗ್ಗಿರುತ್ತದೆ. ಕಣ್ಣಿಗೆ ಸ್ಫುಟವಾಗಿ ಕಾಣಲು ಇಂಚಿಗೆ 300 ಪಿಕ್ಸೆಲ್ ಬೇಕೆಂಬ ಲೆಕ್ಕದಲ್ಲಿ 4x6 ಪಟಕ್ಕೇ 1,800 ಪಿಕ್ಸೆಲ್ ಬೇಕು, ಎ4ಗೆ ಸುಮಾರು 3,500. ಮುಂಬಯಿಯಲ್ಲಿರುವ ಮಗಳು, ದುಬೈಯಲ್ಲಿರುವ ಮಗ ಕಳಿಸಿದ ಪಟ ದೊಡ್ಡದಾಗಿ ಮುದ್ರಿಸಿದಾಗ ಮಸುಕಾದರೆ ಪ್ರಿಂಟರನ್ನು ದೂರಿ ಫಲವಿಲ್ಲ. 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿದರೆ ಅಸಲಿ ಕಡತವೇ ಬರುತ್ತದೆ. 12 ಮೆಗಾಪಿಕ್ಸೆಲ್ ಫೋನಿನ 4,000x3,000 ಪಿಕ್ಸೆಲ್ ಚಿತ್ರ ಎ4ಗೆ ಧಾರಾಳವಾಗಿ ಸಾಲುತ್ತದೆ. ಮುದ್ರಿಸಿದ್ದು ಕಪ್ಪಾಗಿ ಬಂತೆಂಬ ದೂರಿಗೂ ಸಾಮಾನ್ಯವಾಗಿ ಕಾರಣ ಪರದೆಯ ಬೆಳಕು ಪೂರ್ತಿ ಏರಿಸಿ ನೋಡಿದ್ದೇ. ಅರ್ಧಕ್ಕೆ ಇಳಿಸಿ ನೋಡಿ, ಮತ್ತೆ ತಿದ್ದಿ, ಆಮೇಲೆ ಮುದ್ರಿಸಬೇಕು.

ಯಂತ್ರ ಮನೆಗೆ ಬಂದ ಮೇಲೆ ಒಂದು ಅಭ್ಯಾಸವನ್ನು ಮನೆಮಂದಿಯೆಲ್ಲ ಬಿಡಬೇಕಾಗುತ್ತದೆ. ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಿಂದ ಆರಿಸಬಾರದು. ಅದರದೇ ಗುಂಡಿ ಒತ್ತಿದರೆ ಶಾಯಿ ಉಗುಳುವ ಹೆಡ್ಡು ತನ್ನ ಜಾಗಕ್ಕೆ ಹೋಗಿ, ಮುಚ್ಚಳ ಹಾಕಿಕೊಂಡು ಮಲಗುತ್ತದೆ. ಕರೆಂಟನ್ನೇ ಕಿತ್ತರೆ ಹೆಡ್ಡು ಬಾಯಿ ತೆರೆದುಕೊಂಡೇ ಉಳಿದು ಒಣಗುತ್ತದೆ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವ ಊರುಗಳಲ್ಲಿ ಪ್ರಿಂಟರನ್ನು ಇನ್ವರ್ಟರ್ ಸಾಲಿಗೆ ಕೊಡುವುದು ಒಳ್ಳೆಯದು. ಮುದ್ರಿಸುವಾಗ ಇಂಕ್‌ಜೆಟ್ ಎಳೆಯುವುದು ಒಂದೆರಡು ಎಲ್‌ಇಡಿ ಬಲ್ಬುಗಳಷ್ಟು ವಿದ್ಯುತ್ತನ್ನು ಮಾತ್ರ. ಗುಡುಗು ಶುರುವಾದರೆ ಮೊದಲು ಗುಂಡಿ ಒತ್ತಿ, ಆಮೇಲೆ ಪ್ಲಗ್ ಕೀಳಬೇಕು. ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಪಟ ಮುದ್ರಿಸಿದರೆ ನಳಿಕೆ ಕಟ್ಟುವ ಭಯ ಕಡಿಮೆ. ಹೆಡ್ಡು ಕ್ಲೀನ್ ಮಾಡಿದಾಗಲೆಲ್ಲ ಶಾಯಿ ಒಳಗಿನ ಪ್ಯಾಡಿಗೆ ಹೋಗಿ ಸೇರುತ್ತದೆ. ಅದು ತುಂಬಿದ ದಿನ ಯಂತ್ರ ನಿಂತುಬಿಡುತ್ತದೆ. ಈ ಪ್ಯಾಡನ್ನು ನಾವೇ ಬದಲಿಸಬಹುದೇ, ಸರ್ವಿಸ್ ಸೆಂಟರಿಗೇ ಒಯ್ಯಬೇಕೇ, ಆ ಸೆಂಟರ್ ಕುಂದಾಪುರದಲ್ಲಿದೆಯೇ, ಉಡುಪಿಯಲ್ಲೋ, ಮಂಗಳೂರಿನಲ್ಲೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ ತಿಳಿಯಬೇಕು.

ಮುದ್ರಿಸಿದ ಪಟವನ್ನು ಕೂಡಲೇ ಫ್ರೇಮಿಗೆ ಹಾಕಬಾರದು. ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಎರಡು ಮೂರು ದಿನ ಫ್ಯಾನಿನಡಿ ಹರಡಿ ಒಣಗಿಸಬೇಕು. ಪಟಕ್ಕೂ ಗಾಜಿಗೂ ನಡುವೆ ಮೌಂಟ್ ಬೋರ್ಡಿನ ಅಂತರ ಇರಲೇಬೇಕು, ಗಾಜು ತಾಗದಿದ್ದರೆ ಅಂಟುವ ಪ್ರಶ್ನೆಯೇ ಇಲ್ಲ. ಹೊರಗೋಡೆಗೆ ನೇತುಹಾಕುವುದಕ್ಕಿಂತ ಒಳಗೋಡೆ ಉತ್ತಮ, ಮಳೆ ಬಡಿಯುವ ಪಡುಗೋಡೆಯಂತೂ ಬೇಡವೇ ಬೇಡ.

ಇಷ್ಟೆಲ್ಲ ಓದಿ, ತನಗೆ ವರ್ಷಕ್ಕೆ ಇಪ್ಪತ್ತು ಮೂವತ್ತು ಪಟ ಸಾಕೆನಿಸಿದವರು ಪ್ರಿಂಟರ್ ಕೊಳ್ಳಬೇಕಾಗಿಲ್ಲ. ಸ್ಟುಡಿಯೊಗಳು ಚಿತ್ರ ಕಳಿಸುವ ಲ್ಯಾಬುಗಳಲ್ಲಿ ಲೇಸರ್ ಬೆಳಕಿನಿಂದ ಬೆಳ್ಳಿಲವಣದ ಕಾಗದದ ಮೇಲೆ ಚಿತ್ರ ಮೂಡಿಸುತ್ತಾರೆ. ಅಲ್ಲಿ ಬಣ್ಣ ಜೆಲಟಿನ್ ಪದರದೊಳಗೆ ಹುದುಗಿರುವುದರಿಂದ ಓಝೋನಿನ ಕಾಟವಿಲ್ಲ. ಬೂಷ್ಟಿನ, ಗಾಜಿಗೆ ಅಂಟುವ ಭಯ ಮಾತ್ರ ಅದಕ್ಕೂ ಇದೆ. ಅವಿಭಜಿತ ದಕ್ಷಿಣ ಕನ್ನಡದ ಛಾಯಾಗ್ರಾಹಕರ ಸಂಘವಾದ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್‌ಗೆ ಕುಂದಾಪುರ-ಬೈಂದೂರು ವಲಯವೇ ಇದೆ. ಈ ಊರುಗಳಲ್ಲಿ ಪಟದ ಕಸುಬು ತಿಳಿದವರಿಗೆ ಬರವಿಲ್ಲ. ಅವರಲ್ಲೊಬ್ಬರ ಬಳಿ ಕುಳಿತು ಮಾತಾಡಿದರೆ ಯಾವ ಕಾಗದ ಎಷ್ಟು ಮಳೆಗಾಲ ತಾಳಿತೆಂದು ಹೇಳಿಯಾರು.

ವಾರಕ್ಕೆ ಹತ್ತಾರು ಪಟ ಮುದ್ರಿಸುವ ಉಮೇದಿರುವವರು, ತಿದ್ದಿ ಮುದ್ರಿಸಿ ಮತ್ತೆ ತಿದ್ದುವ ಸುಖ ಬೇಕೆನ್ನುವವರು ಆರು ಬಣ್ಣದ ಟ್ಯಾಂಕ್ ಯಂತ್ರವನ್ನು ಧೈರ್ಯವಾಗಿ ಕೊಳ್ಳಬಹುದು. ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ಮೂರು ಚಿತ್ರ ಒಯ್ಯಿರಿ. ಮನೆಯವರ ಮುಖದ್ದೊಂದು, ಯಕ್ಷಗಾನದ ಕೆಂಪಿನದ್ದೊಂದು, ಕಪ್ಪು-ಬಿಳುಪಿನದ್ದೊಂದು. ಕಂಪನಿಯ ಮಾದರಿ ಚಿತ್ರ ತೋರಿಸಿದರೆ ಒಪ್ಪಬೇಡಿ. ಈ ಮೂರನ್ನೂ ಆರ್‌ಸಿ ಕಾಗದದ ಮೇಲೆ ಮುದ್ರಿಸಿ ಕೊಡಲು ಕೇಳಿ, ಹಗಲು ಬೆಳಕಿಗೆ ಹೊರಗೆ ತಂದು ನೋಡಿ, ಮನೆಗೆ ಒಯ್ದು ಎರಡು ವಾರ ತೆರೆದ ಕಪಾಟಿನಲ್ಲಿಡಿ. ಸಾಧ್ಯವಾದರೆ ಈ ಪರೀಕ್ಷೆ ಜುಲೈಯಲ್ಲೇ ಆಗಲಿ.